ಮಹಾಕಮ್ ನದಿಯ ಡಯಾಕ್ ಹಳ್ಳಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೋರ್ನಿಯೊ ದ್ವೀಪದ ಇಂಡೊನೇಷ್ಯಾ ಭಾಗಕ್ಕೆ ಕಾಲಿಮಂತಾನ್ ಎಂದು ಹೆಸರು. ಅಲ್ಲಿನ ಮಳೆಕಾಡಿನ ನದಿಗಳು ಮತ್ತು ಡಯಾಕ್ ಜನರ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾವು ಪತಿ ಪತ್ನಿ ಇಬ್ಬರೂ ನಿವೃತ್ತ ಶಿಕ್ಷಕರು, ಆರೋಗ್ಯವಾಗಿದ್ದೇವೆ. ಪೂರ್ವ ಕಾಲಿಮಂತಾನದ ಮಹಾಕಮ್ ನದಿಯಲ್ಲಿ ಜನಸಾಮಾನ್ಯರ ದೋಣಿಯಲ್ಲೇ ಪ್ರಯಾಣಿಸಿ ಡಯಾಕ್ ಹಳ್ಳಿಗಳನ್ನು ನೋಡಬೇಕೆಂಬ ಆಸೆಯಿದೆ. ಹತ್ತು ದಿನಗಳಲ್ಲಿ ನದಿಯ ಮೂಲದವರೆಗೆ ಹೋಗಿ ಬರಬಹುದೇ? ಯಾವ ತಿಂಗಳು ಸೂಕ್ತ? (ಶಿವಮೊಗ್ಗ)

ಉತ್ತರ: ಮೂಲದವರೆಗೆ ಹೋಗುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಮಹಾಕಮ್ ಒಂಬೈನೂರು ಕಿಲೋಮೀಟರಿಗೂ ಉದ್ದದ ನದಿ. ಕಡಲಿಗೆ ಹತ್ತಿರದ ಸಮರಿಂದಾ ನಗರದ ಸುಂಗೈ ಕುಂಜಾಂಗ್ ಕಟ್ಟೆಯಿಂದ ಬೆಳಿಗ್ಗೆ ಹೊರಡುವ ಎರಡು ಅಂತಸ್ತಿನ ಮರದ ದೋಣಿ ಮೆಲಾಕ್ ಊರನ್ನು ಮುಟ್ಟಲು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಬೇಕು. ಅದೇ ದೋಣಿ ಲೊಂಗ್ ಬಾಗುನ್‌ವರೆಗೆ ಹೋಗುವುದಾದರೆ ಒಂದೂವರೆ ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ, ಅದೂ ಹೊಳೆಯಲ್ಲಿ ಸಾಕಷ್ಟು ನೀರಿದ್ದರೆ ಮಾತ್ರ. ನೀರು ಇಳಿದಿದ್ದರೆ ಕೆಳಗಿನ ತೆರಿಂಗ್ ಅಥವಾ ಲೊಂಗ್ ಇರಾಮ್‌ನಲ್ಲೇ ನಿಲ್ಲಿಸಿಬಿಡುತ್ತಾರೆ. ಲೊಂಗ್ ಬಾಗುನ್ ದಾಟಿ ಲೊಂಗ್ ಪಹಾಂಗೈ ಕಡೆಗೆ ಹೋಗುವ ಹಾದಿಯಲ್ಲಿ ರಿಯಾಮ್ ಉದಾಂಗ್, ರಿಯಾಮ್ ಪಂಜಾಂಗ್ ಎಂಬ ಬಂಡೆಗಳ ಹೊರಳುನೀರು ಇದೆ. ಅಲ್ಲಿ ಹಲವು ಎಂಜಿನ್ ಕಟ್ಟಿದ ಉದ್ದ ದೋಣಿಗಳೇ ಬೇಕು, ಅಂಥ ದೋಣಿಗಳೂ ಮಗುಚಿದ್ದುಂಟು. ಮಳೆ ಜೋರಾಗಿ ಹೊಳೆ ಏರಿದಾಗ ನಾವಿಕರೇ ದಡದಲ್ಲಿ ಕುಳಿತು ದಿನಗಟ್ಟಲೆ ಕಾಯುತ್ತಾರೆ. ಮರಳಿ ಬರುವ ವಿಮಾನದ ಟಿಕೆಟ್ ಜೇಬಿನಲ್ಲಿಟ್ಟುಕೊಂಡವರು ಹೋಗುವ ಜಾಗವಲ್ಲ ಅದು.

ನಿಮ್ಮ ಹತ್ತು ದಿನಗಳಿಗೆ ನದಿಯ ನಡುಭಾಗವೇ ಸರಿ. ಬೆಂಗಳೂರಿನಿಂದ ಕ್ವಾಲಾಲಂಪುರ ಅಥವಾ ಸಿಂಗಪುರದ ಮೂಲಕ ಜಕಾರ್ತಾಕ್ಕೆ, ಅಲ್ಲಿಂದ ಬಾಲಿಕ್‌ಪಾಪನ್‌ಗೆ ವಿಮಾನ. ಅಲ್ಲಿಂದ ಸಮರಿಂದಾಕ್ಕೆ ಸುಮಾರು ನೂರು ಕಿಲೋಮೀಟರಿನ ಟೋಲ್ ರಸ್ತೆಯಿದೆ. ಭಾರತೀಯರಿಗೆ ಇಂಡೊನೇಷ್ಯಾದಲ್ಲಿ ಇಳಿದ ಮೇಲೆ 30 ದಿನಗಳ ವೀಸಾ ಸಿಗುತ್ತದೆ. ಎರಡು ದಿನ ಹೋಗುವ ಪ್ರಯಾಣದಲ್ಲೇ ಕಳೆಯುತ್ತದೆ, ಬರುವಾಗಲೂ ಅಷ್ಟೇ ಎಂದು ಹಿಡಿದುಕೊಳ್ಳಿ.

ಸಮರಿಂದಾದಿಂದ ಕೋಟಾ ಬಾಂಗುನ್‌ವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿ ದೋಣಿ ಹಿಡಿದರೆ ಅರ್ಧ ದಿನ ಉಳಿಯುತ್ತದೆಯೆಂದು ಹಲವರು ಸಲಹೆ ಕೊಡುತ್ತಾರೆ. ಒಮ್ಮೆಯಾದರೂ ಇಡೀ ರಾತ್ರಿಯನ್ನು ದೋಣಿಯಲ್ಲೇ ಕಳೆಯಿರಿ ಎಂಬುದು ನನ್ನ ಅಭಿಪ್ರಾಯ. ಮೇಲಂತಸ್ತಿನಲ್ಲಿ ತೆಳು ಹಾಸಿಗೆಗಳನ್ನು ಸಾಲಾಗಿ ಹಾಸಿರುತ್ತಾರೆ, ಕೆಳಗೆ ಅಕ್ಕಿ ಮೂಟೆ, ಮೋಟಾರ್‌ಬೈಕು, ಕೋಳಿಬುಟ್ಟಿಗಳ ನಡುವೆ ಜನ ಕುಳಿತಿರುತ್ತಾರೆ, ಹಿಂಬದಿಯಲ್ಲಿ ಅಡುಗೆಮನೆ, ಅದರ ಪಕ್ಕದಲ್ಲೇ ಹೊಳೆಯ ನೀರಿಗೆ ನೇರವಾಗಿ ತೆರೆದ ಶೌಚಾಲಯ. ನಿಮ್ಮ ವಯಸ್ಸಿನವರಿಗೆ ಈ ಕೊನೆಯದು ಕಷ್ಟವೆನಿಸಬಹುದು, ಮೊದಲೇ ತಿಳಿದಿರಲಿ.

ಮುವಾರಾ ಮುಂತಾಯ್‌ನಲ್ಲಿ ಇಳಿಯಿರಿ. ಆ ಊರಿನ ಬೀದಿಗಳೆಲ್ಲ ನೀರಿನ ಮೇಲೆ ಕಂಬ ನೆಟ್ಟು ಹಾಸಿದ ಮರದ ಹಲಗೆಗಳು. ಉಲಿನ್ ಎಂಬ ಆ ಮರವನ್ನು ಕಬ್ಬಿಣದ ಮರವೆಂದೇ ಕರೆಯುತ್ತಾರೆ. ಅಲ್ಲಿಂದ ‘ಚೆಸ್’ ಎಂಬ ಕಿರಿದಾದ ಯಂತ್ರದೋಣಿಯಲ್ಲಿ ಜೆಂಪಾಂಗ್ ಸರೋವರವನ್ನು ದಾಟಿದರೆ ಬೆನುವಾಕ್ ಡಯಾಕರ ತಂಜುಂಗ್ ಇಸುಯ್ ಸಿಗುತ್ತದೆ. ತೀವ್ರ ಬರಗಾಲದ ವರ್ಷಗಳಲ್ಲಿ ಈ ಸರೋವರದ ತಳ ಕಾಣುವುದೂ ಉಂಟು, ಆದ್ದರಿಂದ ಹೊರಡುವ ಮುನ್ನ ನೀರಿನ ಮಟ್ಟ ಹೇಗಿದೆಯೆಂದು ವಿಚಾರಿಸಿಕೊಳ್ಳಿ. ಈ ಸರೋವರಗಳ ಸುತ್ತಮುತ್ತಲಲ್ಲೇ ಪೆಸುತ್ ಎಂಬ ಸಿಹಿನೀರಿನ ಡಾಲ್ಫಿನ್ ಇದೆ. ಒಡಿಶಾದ ಚಿಲ್ಕಾ ಸರೋವರದಲ್ಲಿರುವ ಐರಾವತಿ ಡಾಲ್ಫಿನ್‌ನ ಜಾತಿಯೇ ಇದು, ಆದರೆ ಮಹಾಕಮ್‌ನಲ್ಲಿ ನೂರಕ್ಕಿಂತ ಕಡಿಮೆ ಉಳಿದಿವೆ. ಕಾಣದಿದ್ದರೆ ದೋಣಿಯವನ ಮೇಲೆ ಸಿಟ್ಟಾಗಬೇಡಿ. ಬಳಿಕ ಮೆಲಾಕ್, ಅದರ ಸಮೀಪದ ಎಹೆಂಗ್ ಹಳ್ಳಿ, ಅಲ್ಲಿಂದ ರಸ್ತೆಯ ಮೂಲಕ ಸಮರಿಂದಾಕ್ಕೆ ವಾಪಸ್ಸು.

ಇನ್ನೊಂದು ಮಾತು. ಸಮರಿಂದಾದಿಂದ ಮೇಲಕ್ಕೆ ಬಹಳ ದೂರದವರೆಗೆ ನಿಮ್ಮ ಎದುರು ಬರುವುದು ದಟ್ಟ ಕಾಡಲ್ಲ, ಕಲ್ಲಿದ್ದಲನ್ನು ಬೆಟ್ಟದಂತೆ ಪೇರಿಸಿಕೊಂಡ ದೊಡ್ಡ ದೊಡ್ಡ ತೆಪ್ಪಹಡಗುಗಳ ಸಾಲು ಮತ್ತು ಮರದ ಕಾರ್ಖಾನೆಗಳು. 1982-83 ಮತ್ತು 1997-98ರ ಕಾಡ್ಗಿಚ್ಚುಗಳು ಪೂರ್ವ ಕಾಲಿಮಂತಾನದ ಅಪಾರ ಕಾಡನ್ನು ನುಂಗಿದವು, ಉಳಿದದ್ದರಲ್ಲಿ ತಾಳೆಎಣ್ಣೆಯ ತೋಟಗಳು ಎದ್ದಿವೆ. ನಿಜವಾದ ಹಳೆಯ ಕಾಡು ನದಿಯ ಮೇಲ್ಭಾಗದಲ್ಲೇ ಉಳಿದಿರುವುದು.

ತಿಂಗಳಿನ ವಿಷಯ: ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಆದರೆ ಹೊಳೆಯೂ ಬಡಕಲಾಗುತ್ತದೆ, ಬರ ತರುವ ಎಲ್ ನಿನೊ ವರ್ಷವಾದರೆ ಕಾಡ್ಗಿಚ್ಚಿನ ಹೊಗೆಯೂ ಕವಿಯುತ್ತದೆ. ಮೇ, ಜೂನ್ ನನ್ನ ಆಯ್ಕೆ. ಹಣವನ್ನು ಸಮರಿಂದಾದಲ್ಲೇ ಅಲ್ಲಿನ ರುಪಿಯಾ ನೋಟುಗಳಾಗಿ ತೆಗೆದುಕೊಳ್ಳಿ. ಮಲೇರಿಯಾ ಇರುವ ಪ್ರದೇಶವಾದ್ದರಿಂದ ಯಾವ ಮಾತ್ರೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಕೇಳದೆ ಹೊರಡಬೇಡಿ.

ಪ್ರಶ್ನೆ: ಬೋರ್ನಿಯೊ ಕಾಡಿನಲ್ಲಿ ಸಂಸ್ಕೃತ ಶಾಸನಗಳು ಸಿಕ್ಕಿವೆಯೆಂದೂ ಅಲ್ಲಿನ ಡಯಾಕರು ಮೂಲತಃ ಹಿಂದೂಗಳೆಂದೂ ಒಂದು ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಎಷ್ಟು ಸತ್ಯ? (ಮೈಸೂರು)

ಉತ್ತರ: ಮೊದಲ ಭಾಗ ಪೂರ್ತಿ ಸತ್ಯ, ಎರಡನೆಯದು ಎರಡು ಬೇರೆ ಸಂಗತಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದು. ಮಹಾಕಮ್ ದಡದ ಮುವಾರಾ ಕಾಮಾನ್‌ನಲ್ಲಿ ಏಳು ಕಲ್ಲಿನ ಯೂಪಸ್ತಂಭಗಳು (ಯಜ್ಞದ ಬಲಿಪಶುವನ್ನು ಕಟ್ಟುವ ಕಂಬಗಳು) ದೊರೆತಿವೆ. ಪಲ್ಲವ ಲಿಪಿಯಲ್ಲಿ ಸಂಸ್ಕೃತ ಶ್ಲೋಕಗಳನ್ನು ಕೆತ್ತಿರುವ ಈ ಶಾಸನಗಳಲ್ಲಿ ತೇದಿಯಿಲ್ಲ, ಅಕ್ಷರಗಳ ರೂಪವನ್ನು ನೋಡಿ ವಿದ್ವಾಂಸರು ಕ್ರಿ.ಶ. 400ರ ಸುಮಾರಿನವೆಂದು ನಿರ್ಧರಿಸಿದ್ದಾರೆ. ನಮ್ಮ ಹಲ್ಮಿಡಿ ಶಾಸನಕ್ಕೆ ಸಾಮಾನ್ಯವಾಗಿ ಹೇಳುವ 450ಕ್ಕಿಂತ ಇದು ಹಿಂದಿನದು. ಇಂಡೊನೇಷ್ಯಾದಲ್ಲಿ ದೊರೆತಿರುವ ಅತ್ಯಂತ ಹಳೆಯ ಬರಹಗಳೇ ಇವು. ಕುಂಡುಂಗ ಎಂಬವನ ಮಗ ಅಶ್ವವರ್ಮ, ಅವನ ಮಗ ಮೂಲವರ್ಮ. ಈ ಮೂಲವರ್ಮ ವಪ್ರಕೇಶ್ವರವೆಂಬ ಪುಣ್ಯಭೂಮಿಯಲ್ಲಿ ಬ್ರಾಹ್ಮಣರಿಗೆ ಇಪ್ಪತ್ತು ಸಾವಿರ ಗೋವುಗಳನ್ನು ದಾನ ಮಾಡಿದನೆಂದು ಒಂದು ಶಾಸನ ಹೇಳುತ್ತದೆ. ಅಜ್ಜನ ಹೆಸರು ಸಂಸ್ಕೃತದ್ದಲ್ಲ, ಮಗ ಮೊಮ್ಮಕ್ಕಳ ಹೆಸರು ಸಂಸ್ಕೃತದ್ದು. ಆದ್ದರಿಂದ ಭಾರತದಿಂದ ಬಂದವರು ಅಲ್ಲಿ ರಾಜ್ಯ ಕಟ್ಟಿದರು ಎನ್ನುವುದಕ್ಕಿಂತ, ಸ್ಥಳೀಯ ನಾಯಕ ಮನೆತನವೊಂದು ಬ್ರಾಹ್ಮಣರನ್ನು ಬರಮಾಡಿಕೊಂಡು ರಾಜಪದವಿಗೆ ಏರಿತು ಎನ್ನುವುದೇ ಒಪ್ಪುವ ಮಾತು. ಮೂಲ ಸ್ತಂಭಗಳು ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ, ಪ್ರತಿಕೃತಿಗಳನ್ನು ಸಮರಿಂದಾದ ಸಮೀಪದ ತೆಂಗಾರೋಂಗ್‌ನ ಮುಲವರ್ಮನ್ ಸಂಗ್ರಹಾಲಯದಲ್ಲಿ ನೋಡಬಹುದು.

ಡಯಾಕ್ ಎಂಬುದು ಒಂದು ಜನಾಂಗವಲ್ಲ, ಬೋರ್ನಿಯೊದ ಒಳನಾಡಿನ ನೂರಾರು ಸಮುದಾಯಗಳಿಗೆ ಹೊರಗಿನವರು ಕೊಟ್ಟ ಒಟ್ಟು ಹೆಸರು. ಮಹಾಕಮ್‌ನಲ್ಲಿ ಕೆನ್ಯಾ, ಕಾಯಾನ್, ಬಹಾವು, ಬೆನುವಾಕ್, ತುಂಜುಂಗ್ ಮೊದಲಾದವರಿದ್ದಾರೆ. ಇವರಲ್ಲಿ ಹೆಚ್ಚಿನವರು ಈಗ ಕ್ರೈಸ್ತರು. ಹಳೆಯ ನಂಬಿಕೆಯನ್ನು ಉಳಿಸಿಕೊಂಡವರ ಧರ್ಮಕ್ಕೆ ಕಾಹರಿಂಗನ್ ಎಂದು ಹೆಸರು. ಇಂಡೊನೇಷ್ಯಾ ಸರ್ಕಾರ ಕೆಲವೇ ಧರ್ಮಗಳಿಗೆ ಮನ್ನಣೆ ಕೊಡುತ್ತಿದ್ದುದರಿಂದ, ‘ಧರ್ಮವಿಲ್ಲದವರು’ ಎನ್ನಿಸಿಕೊಳ್ಳುವ ಅಪಾಯದಿಂದ ಪಾರಾಗಲು ಕಾಹರಿಂಗನ್ ಮುಖಂಡರು ಹಿಂದೂಧರ್ಮದ ಆಶ್ರಯ ಕೇಳಿದರು, 1980ರಲ್ಲಿ ಅದು ‘ಹಿಂದೂ ಕಾಹರಿಂಗನ್’ ಎಂದು ದಾಖಲಾಯಿತು. ಆಚರಣೆಗಳು ಮಾತ್ರ ಅವರವೇ. ಬೆನುವಾಕರ ಕ್ವಾಂಗ್ಕಾಯ್ ಎಂಬ ಉತ್ತರಕ್ರಿಯೆಯಲ್ಲಿ ಸತ್ತವರ ಎಲುಬುಗಳನ್ನು ಹೊರತೆಗೆದು ಶುದ್ಧಮಾಡಿ, ಕೆತ್ತನೆಯ ಕಂಬಕ್ಕೆ ಕೋಣವನ್ನು ಕಟ್ಟಿ ಬಲಿಕೊಟ್ಟು, ಬಳಿಕ ಎಲುಬುಗಳನ್ನು ಎತ್ತರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆ ಕಂಬವನ್ನು ಕಂಡವರಿಗೆ ಯೂಪಸ್ತಂಭ ನೆನಪಾಗುವುದು ಸಹಜವೇ, ಆದರೆ ನೋಟಕ್ಕೆ ಕಂಡ ಹೋಲಿಕೆ ಸಾವಿರದ ಆರುನೂರು ವರ್ಷಗಳ ನಂಟಿಗೆ ಪುರಾವೆಯಾಗುವುದಿಲ್ಲ. ಅಂದಹಾಗೆ, 2017ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು ಮೂಲನಿವಾಸಿಗಳ ನಂಬಿಕೆಯನ್ನೂ ಗುರುತಿನ ಚೀಟಿಯಲ್ಲಿ ನಮೂದಿಸಬಹುದೆಂದು ತೀರ್ಪು ಕೊಟ್ಟಿತು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಡಯಾಕ್ ಮನೆಗಳಲ್ಲಿ ಉಳಿದುಕೊಂಡರೆ ಊಟದ ಗತಿಯೇನು? ಕೊಟ್ಟದ್ದನ್ನು ಬೇಡವೆಂದರೆ ಅವಮಾನವೆಂದು ಭಾವಿಸುತ್ತಾರೆಯೇ? (ಹುಬ್ಬಳ್ಳಿ)

ಉತ್ತರ: ಅನ್ನಕ್ಕೆ ಕೊರತೆಯಿಲ್ಲ. ಡಯಾಕರು ಕಾಡು ಕಡಿದು ಸುಟ್ಟು, ಒಂದೆರಡು ಬೆಳೆ ತೆಗೆದು ನೆಲವನ್ನು ಬೀಳುಬಿಡುವ ಬೇಸಾಯಗಾರರು, ಹಿಂದೆ ನಮ್ಮ ಘಟ್ಟದಲ್ಲಿದ್ದ ಕುಮರಿಯ ಹಾಗೆ. ಆ ಗುಡ್ಡದ ಭತ್ತದ ಅನ್ನದ ಜೊತೆಗೆ ಮರಗೆಣಸಿನ ಎಲೆಯ ಪಲ್ಯ, ಕಳಲೆ, ಪಾಕಿಸ್ ಎಂಬ ಎಳೆಯ ಜರಿಸೊಪ್ಪು ಸಿಗುತ್ತವೆ. ಕೊಡಗಿನವರು ತೆರ್ಮೆ ಎಂದು ತಿನ್ನುವುದು ಇದನ್ನೇ. ತೊಂದರೆ ಇರುವುದು ಕಣ್ಣಿಗೆ ಕಾಣದ ಪದಾರ್ಥಗಳಲ್ಲಿ: ಸಾಂಬಲ್ ಚಟ್ನಿಯಲ್ಲಿ ತೆರಾಸಿ ಎಂಬ ಸಿಗಡಿಯ ಮುದ್ದೆ ಅರೆದಿರುತ್ತಾರೆ, ಪಲ್ಯಕ್ಕೆ ಒಣಮೀನಿನ ಚೂರು ಹಾಕಿರುತ್ತಾರೆ. ‘ಸಾಯಾ ತಿದಾಕ್ ಮಾಕಾನ್ ದಾಗಿಂಗ್, ಇಕಾನ್, ತೆರಾಸಿ’ (ನಾನು ಮಾಂಸ, ಮೀನು, ತೆರಾಸಿ ತಿನ್ನುವುದಿಲ್ಲ) ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಪಟ್ಟಣಗಳಲ್ಲಿ ಸೋಯಾದಿಂದ ಮಾಡಿದ ತೆಂಪೆ, ತಾಹು ಧಾರಾಳವಾಗಿವೆ. ದೋಣಿಗೆ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ.

ನಿರಾಕರಣೆಗೆ ಅಲ್ಲಿ ಸೊಗಸಾದ ದಾರಿಯೊಂದಿದೆ. ಮುಂದಿಟ್ಟ ತಿಂಡಿಯನ್ನಾಗಲಿ ಪಾನೀಯವನ್ನಾಗಲಿ ಮುಟ್ಟದೆ ಎದ್ದು ಹೋದವನಿಗೆ ದಾರಿಯಲ್ಲಿ ಕೇಡು ತಗುಲುತ್ತದೆಂದು ಪೂರ್ವ ಕಾಲಿಮಂತಾನದಲ್ಲಿ ಡಯಾಕರು ಮಾತ್ರವಲ್ಲ, ಇತರರೂ ನಂಬುತ್ತಾರೆ. ಇದಕ್ಕೆ ಕೆಪುಹುನಾನ್ ಎನ್ನುತ್ತಾರೆ. ಆದ್ದರಿಂದ ತಟ್ಟೆಯನ್ನೋ ಅಕ್ಕಿಯ ಕಳ್ಳಾದ ತುವಾಕ್ ತುಂಬಿದ ಲೋಟವನ್ನೋ ಬೆರಳ ತುದಿಯಿಂದ ಮುಟ್ಟಿದರೆ ಸಾಕು, ಮನೆಯವರಿಗೆ ಸಮಾಧಾನ, ನಿಮ್ಮ ನೇಮಕ್ಕೂ ಭಂಗವಿಲ್ಲ.

ಪ್ರಶ್ನೆ: ಉದ್ದಮನೆಗಳಲ್ಲಿ ಇಡೀ ಹಳ್ಳಿಯೇ ವಾಸಿಸುವುದನ್ನು ಚಿತ್ರಗಳಲ್ಲಿ ನೋಡಿದ್ದೇನೆ. ಅದನ್ನೂ, ಕಿವಿಯಲ್ಲಿ ಹಿತ್ತಾಳೆ ಬಳೆಗಳನ್ನು ತೂಗಿಬಿಟ್ಟ ಹೆಂಗಸರನ್ನೂ ಕ್ಯಾಮೆರಾದಲ್ಲಿ ಸೆರೆಹಿಡಿಯಬೇಕು. ತಲೆ ಕಡಿಯುವ ಪದ್ಧತಿ ನಿಂತಿದೆಯಷ್ಟೆ? (ಶಿರಸಿ)

ಉತ್ತರ: ನಿಂತಿದೆ. 1894ರಲ್ಲಿ ಮಧ್ಯ ಕಾಲಿಮಂತಾನದ ತುಂಬಾಂಗ್ ಅನೋಯ್ ಎಂಬಲ್ಲಿ ಹಲವು ಡಯಾಕ್ ಪಂಗಡಗಳ ಮುಖಂಡರು ಡಚ್ ಆಡಳಿತದ ಸಮ್ಮುಖದಲ್ಲಿ ಸೇರಿ ತಲೆಬೇಟೆಯನ್ನು ಬಿಡಲು ಒಪ್ಪಿದರು.

ಉದ್ದಮನೆಗೆ ಮಹಾಕಮ್‌ನಲ್ಲಿ ಲಾಮಿನ್ ಎನ್ನುತ್ತಾರೆ. ಉಲಿನ್ ಕಂಬಗಳ ಮೇಲೆ ಎತ್ತರಿಸಿದ ಒಂದೇ ಸೂರಿನ ಕೆಳಗೆ ಸಾಲು ಕೋಣೆಗಳು, ಮುಂದೆ ಎಲ್ಲರಿಗೂ ಸೇರಿದ ಉದ್ದ ಜಗಲಿ. ಆದರೆ ಇಂಡೊನೇಷ್ಯಾ ಸರ್ಕಾರ ಕಳೆದ ಶತಮಾನದ ಅರವತ್ತು ಎಪ್ಪತ್ತರ ದಶಕಗಳಲ್ಲಿ ಜನರನ್ನು ಬಿಡಿ ಮನೆಗಳಿಗೆ ಸಾಗಿಸಿತು. ಈಗ ಹೆಚ್ಚಿನ ಲಾಮಿನ್‌ಗಳು ಸಭೆ, ಪೂಜೆ, ಕುಣಿತಗಳಿಗೆ ಮೀಸಲು. ಜನ ನಿಜವಾಗಿ ವಾಸಿಸುವ ಉದ್ದಮನೆಗಳೇ ಬೇಕೆಂದರೆ ಗಡಿಯಾಚೆಯ ಮಲೇಷ್ಯಾದ ಸರವಾಕ್‌ನಲ್ಲಿ, ಇಬಾನ್ ಎಂಬ ಡಯಾಕ್ ಪಂಗಡದ ಹಳ್ಳಿಗಳಲ್ಲಿ ಹುಡುಕುವುದು ಒಳ್ಳೆಯದು. ಸಮರಿಂದಾದ ಬಳಿಯ ಪಾಂಪಾಂಗ್‌ನಲ್ಲಿ ಕೆನ್ಯಾ ಡಯಾಕರು ಭಾನುವಾರ ಪ್ರವಾಸಿಗರಿಗಾಗಿಯೇ ಕುಣಿಯುತ್ತಾರೆ. ಫೋಟೊಕ್ಕೆ ಹಣ ಕೇಳುತ್ತಾರೆಂದು ಕೆಲವರು ಗೊಣಗುತ್ತಾರೆ, ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಜೋಲುಕಿವಿಯ ಹೆಂಗಸರು ಈಗ ಅಜ್ಜಿಯರು ಮಾತ್ರ. ಹಲವರು ಶಾಲೆ, ಚರ್ಚಿನ ಕಾಲದಲ್ಲಿ ನಾಚಿಕೆಪಟ್ಟು ಕಿವಿಯ ಹಾಲೆಯನ್ನು ಕತ್ತರಿಸಿಕೊಂಡರು. ಮೊದಲು ಊರಿನ ಮುಖ್ಯಸ್ಥರನ್ನು ಕಂಡು, ಮನೆಯವರೊಂದಿಗೆ ಕುಳಿತು ಮಾತಾಡಿ, ಬಳಿಕ ಫೋಟೊ ತೆಗೆಯಬಹುದೇ ಎಂದು ಕೇಳಿ.

ಪ್ರಶ್ನೆ: ಅಲ್ಲಿಂದ ತರಬಹುದಾದ ವಸ್ತು ಯಾವುದು? ಮಾಂದೌ ಕತ್ತಿ, ಮಂಗಟ್ಟೆ ಹಕ್ಕಿಯ ಗರಿ ಸಿಗುತ್ತವೆಯಂತೆ. (ಮಂಗಳೂರು)

ಉತ್ತರ: ಎರಡೂ ಬೇಡ. ದಾಂಡೇಲಿಯಲ್ಲಿ ಕಾಣುವ ಮಂಗಟ್ಟೆಗಳ ಬಳಗದ್ದೇ ಆದ ಬೋರ್ನಿಯೊದ ಶಿರಸ್ತ್ರಾಣ ಮಂಗಟ್ಟೆ, ಅದರ ಗಟ್ಟಿ ಕೊಂಬಿನ ಕೆತ್ತನೆಗಾಗಿ ನಡೆಯುವ ಬೇಟೆಯಿಂದ ಅಳಿವಿನಂಚಿಗೆ ಬಂದಿದೆ, ಅದರ ಅಂತರರಾಷ್ಟ್ರೀಯ ಮಾರಾಟ ನಿಷಿದ್ಧ. ಮಾಂದೌವಿನ ಹಿಡಿ ಹಲವು ಸಲ ಜಿಂಕೆಯ ಕೊಂಬಿನದಾಗಿರುತ್ತದೆ, ವಿಮಾನ ನಿಲ್ದಾಣದಲ್ಲಿ ಕತ್ತಿಗೂ ಕೊಂಬಿಗೂ ಉತ್ತರ ಹೇಳಬೇಕಾದೀತು.

ತಂಜುಂಗ್ ಇಸುಯ್‌ನ ಡೋಯೊ ಬಟ್ಟೆ ತನ್ನಿ. ಡೋಯೊ ಎಂಬುದು ನಮ್ಮ ಆಯುರ್ವೇದದ ತಾಳಮೂಲಿಯ ಕುಲಕ್ಕೇ ಸೇರಿದ, ಅದಕ್ಕಿಂತ ಅಗಲ ಎಲೆಯ ಗಿಡ. ಎಲೆಯನ್ನು ನೀರಿನಲ್ಲಿ ನೆನೆಸಿ, ತಿರುಳನ್ನು ಕತ್ತಿಯಿಂದ ಹೆರೆದು ತೆಗೆದು, ಉಳಿದ ನಾರನ್ನು ಒಣಗಿಸಿ ಸೀಳಿ, ಒಂದಕ್ಕೊಂದು ಜೋಡಿಸಿ ದಾರ ಮಾಡುತ್ತಾರೆ. ಬಣ್ಣ ತಾಗಬಾರದ ಕಡೆ ನೂಲನ್ನು ಕಟ್ಟಿ ಅದ್ದಿ, ಹೆಂಗಸರು ಸೊಂಟಕ್ಕೆ ಕಟ್ಟಿಕೊಂಡ ಮಗ್ಗದಲ್ಲಿ ನೇಯುತ್ತಾರೆ. ಈಗ ಹತ್ತಿ ನೂಲು ಬೆರೆಸಿದ ಬಟ್ಟೆಗಳೂ ಬರುತ್ತಿವೆ. ಬರಿಯ ನಾರಿನದು ಕೈಗೆ ಒರಟು, ಬೆರಕೆಯದು ಮೆತ್ತಗೆ. ಯಾವುದೆಂದು ನೇಯ್ದವರನ್ನೇ ಕೇಳಿ ಬೆಲೆ ಮಾತಾಡಿ.