ಹೊಟ್ಟೆಗೆ ವ್ಯಾಯಾಮ, ನೋವು ಮಾತ್ರ ಸೊಂಟಕ್ಕೆ!

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಇಡೀ ದಿನ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಹೊಟ್ಟೆ ಗಟ್ಟಿಯಾಗಲಿ ಅಂತ ಮನೆಯಲ್ಲೇ ವಿಡಿಯೋ ನೋಡಿಕೊಂಡು ಲೆಗ್ ರೈಸ್ ಶುರುಮಾಡಿದ್ದೇನೆ. ಅಂಗಾತ ಮಲಗಿ ಎರಡೂ ಕಾಲುಗಳನ್ನು ನೇರವಾಗಿ ಎತ್ತಿ ಇಳಿಸುತ್ತೇನೆ. ಹೊಟ್ಟೆಗೆ ಏನೂ ಅನಿಸುವುದಿಲ್ಲ, ಸೊಂಟ ಮಾತ್ರ ಹಿಡಿದುಕೊಳ್ಳುತ್ತದೆ. ವ್ಯಾಯಾಮ ಬಿಟ್ಟುಬಿಡಲೇ?

ಉತ್ತರ: ವ್ಯಾಯಾಮ ಬಿಡಬೇಡಿ. ಆ ಲೆಗ್ ರೈಸ್ ಒಂದನ್ನು ಸದ್ಯಕ್ಕೆ ಬಿಡಿ. ‘ಹೊಟ್ಟೆಗೆ ಏನೂ ಅನಿಸುವುದಿಲ್ಲ’ ಅಂದಿದ್ದೀರಲ್ಲ, ನೋವಿನ ಮೂಲ ಅಲ್ಲೇ ಇದೆ.

ಕಾಲನ್ನು ಎತ್ತುವುದು ಹೊಟ್ಟೆಯ ಸ್ನಾಯು ಅಲ್ಲ. ಅದು ಎದೆಗೂಡಿನಿಂದ ಹೊರಟು ಸೊಂಟದ ಮೂಳೆಗೆ ಬಂದು ಮುಗಿಯುತ್ತದೆ, ಕಾಲಿನವರೆಗೆ ಹೋಗುವುದೇ ಇಲ್ಲ. ಕಾಲನ್ನು ಎತ್ತುವವುಗಳಲ್ಲಿ ಮುಖ್ಯವಾದದ್ದು ಸೋಯಸ್ ಅನ್ನುವ ಸ್ನಾಯು. ಅದರ ಒಂದು ತುದಿ ಕೆಳಬೆನ್ನಿನ ಮೂಳೆಗಳಿಗೆ ಅಂಟಿಕೊಂಡಿದೆ, ಇನ್ನೊಂದು ತುದಿ ತೊಡೆಯ ಮೂಳೆಗೆ. ಹಾಗಾಗಿ ಎರಡೂ ಕಾಲಿನ ಭಾರ ಬಿದ್ದಾಗ ಅದು ಕಾಲಿನ ಜೊತೆಗೆ ಬೆನ್ನನ್ನೂ ಮುಂದಕ್ಕೆ ಎಳೆಯುತ್ತದೆ. ಆಗ ಸೊಂಟ ಅಲುಗಾಡದಂತೆ ಹಿಡಿದಿಡುವುದು ಹೊಟ್ಟೆಯ ಕೆಲಸ. ಹೊಟ್ಟೆಗೆ ಅಷ್ಟು ಬಲ ಇನ್ನೂ ಬಂದಿಲ್ಲ ಅಂದರೆ ಸೊಂಟ ಬಿಲ್ಲಿನ ಹಾಗೆ ಬಾಗಿ ನೆಲದಿಂದ ಮೇಲೇಳುತ್ತದೆ. ನಿಮ್ಮ ನೋವು ಅಲ್ಲಿಂದ ಬರುತ್ತಿದೆ.

ಇದನ್ನು ನೀವೇ ಪರೀಕ್ಷೆ ಮಾಡಿ ನೋಡಿ. ಮಂಡಿ ಮಡಚಿ ಅಂಗಾತ ಮಲಗಿ. ಒಂದು ಅಂಗೈಯನ್ನು ಸೊಂಟದ ಕೆಳಗೆ ತೂರಿಸಿ, ಹೊಟ್ಟೆಯನ್ನು ಸ್ವಲ್ಪ ಬಿಗಿಮಾಡಿ, ಸೊಂಟ ಕೈಗೆ ಮೆಲ್ಲಗೆ ಒತ್ತುವಂತೆ ಮಾಡಿಕೊಳ್ಳಿ. ಜೋರಾಗಿ ಅದುಮುವುದು ಬೇಡ. ಈಗ ಒಂದು ಕಾಲನ್ನು ಮಡಚಿದಂತೆಯೇ ಎತ್ತಿ, ನಿಧಾನಕ್ಕೆ ಇಳಿಸಿ. ಕೈ ಮೇಲಿನ ಒತ್ತಡ ಎಲ್ಲಿ ಸಡಿಲವಾಯಿತೋ, ಅಲ್ಲಿಗೆ ಇವತ್ತಿನ ನಿಮ್ಮ ಮಿತಿ. ಅದಕ್ಕಿಂತ ಕೆಳಗೆ ಇಳಿಸಿದರೆ ಭಾರ ಸೊಂಟಕ್ಕೆ ಹೋಗುತ್ತದೆ, ಹೊಟ್ಟೆಗಲ್ಲ. ಸುಮ್ನೆ ಎಣಿಕೆ ಮುಗಿಸಬೇಕು ಅಂತ ಎಳೆಯಬೇಡಿ. ಹದಿನೈದು ಅಂದುಕೊಂಡಿದ್ದೀರಿ, ಆರನೇದರಲ್ಲೇ ಸೊಂಟ ಮೇಲೆದ್ದಿತು ಅಂದರೆ ಆರಕ್ಕೇ ಸಾಕು.

ಲೆಗ್ ರೈಸ್ ಬದಲು ಡೆಡ್ ಬಗ್ ಮಾಡಿ. ನನಗೆ ಬಹಳ ಇಷ್ಟವಾದ ವ್ಯಾಯಾಮ ಇದು. ಅಂಗಾತ ಮಲಗಿ, ತೊಡೆ ನೆಟ್ಟಗೆ ಮೇಲಕ್ಕಿರಲಿ, ಮಂಡಿ ಮಡಚಿರಲಿ. ಎರಡೂ ಕೈ ಸೂರಿನ ಕಡೆಗೆ ಚಾಚಿ. ಬಾಯಿಂದ ನಿಧಾನಕ್ಕೆ ಉಸಿರು ಬಿಡುತ್ತಾ ಬಲ ಹಿಮ್ಮಡಿಯನ್ನು ಮಾತ್ರ ನೆಲಕ್ಕೆ ಮುಟ್ಟಿಸಿ, ವಾಪಸ್ ತನ್ನಿ. ಆಮೇಲೆ ಎಡಗಾಲು. ಇಷ್ಟು ಸಲೀಸಾದ ಮೇಲೆ ಇಳಿಸುವ ಕಾಲನ್ನು ಸ್ವಲ್ಪ ಸ್ವಲ್ಪವಾಗಿ ಚಾಚುತ್ತಾ ಹೋಗಿ. ಅದೂ ಸುಲಭ ಅನಿಸಿದಾಗ ಎದುರು ಬದಿಯ ಕೈಯನ್ನೂ ತಲೆಯ ಹಿಂದಕ್ಕೆ ಇಳಿಸಿ.

ಉಸಿರಿನ ಬಗ್ಗೆ ಒಂದು ಮಾತು. ಯಾರಾದರೂ ಈ ವ್ಯಾಯಾಮ ಮಾಡುವಾಗ ನಾನು ಮೊದಲು ನೋಡುವುದು ಅವರ ಮುಖವನ್ನು. ಉಸಿರು ಕಟ್ಟಿ ಮುಖ ಕೆಂಪಾಗಿದ್ದರೆ ಅವರು ಆರಿಸಿಕೊಂಡ ವ್ಯಾಯಾಮ ಅವರ ಬಲಕ್ಕೆ ಮೀರಿದ್ದು ಅಂತಲೇ ಲೆಕ್ಕ. ಒಂದು ಹಂತ ಕೆಳಗಿಳಿಯಲು ಹೇಳುತ್ತೇನೆ. ನೀವೂ ಹಾಗೇ ಮಾಡಿ.

ಪ್ರಶ್ನೆ: ಬೆಳಿಗ್ಗೆ ಎದ್ದ ತಕ್ಷಣ ಮಂಚದ ಕೆಳಗೆ ಪಾದ ಸಿಕ್ಕಿಸಿಕೊಂಡು 100 ಸಿಟ್-ಅಪ್ (ಮಲಗಿದಲ್ಲಿಂದ ಎದ್ದು ಕೂರುವುದು) ಮಾಡುತ್ತೇನೆ. ಹೊಟ್ಟೆ ಕರಗಿಲ್ಲ, ಬೆನ್ನು ನೋವು ಜಾಸ್ತಿಯಾಗಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ಹೊತ್ತನ್ನು ಬದಲಿಸಿ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ. ಎದ್ದ ಹೊಸದರಲ್ಲಿ ಬೆನ್ನು ಬಾಗಿಸಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಬಹುಕಾಲದ ಬೆನ್ನು ನೋವು ಇದ್ದವರಿಗೆ ಬೆಳಗಿನ ಹೊತ್ತು ಮುಂದಕ್ಕೆ ಬಾಗದಂತೆ ಹೇಳಿಕೊಟ್ಟಾಗ ನೋವು ಕಡಿಮೆಯಾಯಿತು ಅಂತ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ಎದ್ದು ಕನಿಷ್ಠ ಒಂದು ಗಂಟೆ ಓಡಾಡಿಕೊಂಡಿರಿ, ಆಮೇಲೆ ವ್ಯಾಯಾಮ.

ಎರಡನೆಯದು, ಮಂಚದ ಕೆಳಗೆ ಪಾದ ಸಿಕ್ಕಿಸಿದರೆ ಮೇಲಿನ ಉತ್ತರದಲ್ಲಿ ಹೇಳಿದ ಸೋಯಸ್‌ಗೇ ಕೆಲಸ ಹೆಚ್ಚು. ಇನ್ನು ಸಿಟ್-ಅಪ್ ವಿಷಯ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಬೆನ್ನಿನ ಮೇಲೆ ಸಂಶೋಧನೆ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಲೆಕ್ಕದ ಪ್ರಕಾರ, ಒಂದೊಂದು ಸಿಟ್-ಅಪ್‌ಗೂ ಬೆನ್ನುಮೂಳೆಯ ಮೇಲೆ ಸುಮಾರು 3,300 ನ್ಯೂಟನ್ ಒತ್ತಡ ಬೀಳುತ್ತದೆ. ಅಂದರೆ 330 ಕಿಲೋಗೂ ಮಿಕ್ಕ ಭಾರ. ಅದನ್ನು ನೀವು ದಿನಾ ನೂರು ಸಲ ಹೇರುತ್ತಿದ್ದೀರಿ. ಎಲ್ಲರ ಬೆನ್ನೂ ಇದರಿಂದ ಕೆಡುತ್ತದೆ ಅಂತ ನಾನು ಹೇಳುವುದಿಲ್ಲ. ಈಗಾಗಲೇ ನೋಯುತ್ತಿರುವ ಬೆನ್ನಿಗೆ ಮಾತ್ರ ಇದು ಬೇಡ. ಕೊಬ್ಬು ಕರಗುವುದಂತೂ ಇದರಿಂದಲ್ಲ. ಸಿಟ್-ಅಪ್ ಹೊಟ್ಟೆಯ ಸ್ನಾಯುವಿಗೆ ಬಲ ಕೊಡುತ್ತದೆ, ಅದರ ಮೇಲಿನ ಕೊಬ್ಬನ್ನು ಆರಿಸಿ ತೆಗೆಯುವುದಿಲ್ಲ.

ಮೆಕ್‌ಗಿಲ್ ಹೇಳುವ ಕರ್ಲ್-ಅಪ್ ಮಾಡಿ ನೋಡಿ. ಅಂಗಾತ ಮಲಗಿ ಒಂದು ಮಂಡಿ ಮಡಚಿ, ಇನ್ನೊಂದು ಕಾಲು ನೇರವಾಗಿರಲಿ. ಎರಡೂ ಅಂಗೈ ಸೊಂಟದ ಕೆಳಗೆ ಇರಲಿ, ಅಲ್ಲಿನ ಸಹಜ ಬಾಗು ಹಾಗೇ ಉಳಿಯಬೇಕು. ತಲೆ ಮತ್ತು ಹೆಗಲನ್ನು ನೆಲದಿಂದ ಒಂಚೂರು ಎತ್ತಿ. ಕತ್ತು ಬಗ್ಗಿಸಿ ಗಲ್ಲವನ್ನು ಎದೆಗೆ ತರಬೇಡಿ. ಏಳೆಂಟು ಸೆಕೆಂಡ್ ಉಸಿರಾಡುತ್ತಾ ಹಿಡಿದು ಇಳಿಸಿ. ನೋಡುವವರಿಗೆ ಇವರು ಏನೂ ಮಾಡುತ್ತಿಲ್ಲ ಅನಿಸಬಹುದು. ಮಾಡುತ್ತಿರುವ ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಪ್ಲ್ಯಾಂಕ್ ಎರಡು ನಿಮಿಷ ಮಾಡುತ್ತೇನೆ. ಕೊನೆಕೊನೆಗೆ ಸೊಂಟ ಎಳೆದಂತಾಗುತ್ತದೆ. ಪರವಾಗಿಲ್ಲವೇ?

ಉತ್ತರ: ಇಲ್ಲ, ಅದನ್ನು ಹಾಗೇ ಬಿಡಬೇಡಿ. ಹೊಟ್ಟೆ ಸೋತು ಸೊಂಟ ಜೋತುಬಿದ್ದಿದೆ ಅಂತ ಅರ್ಥ. ಹತ್ತು ಸೆಕೆಂಡ್ ಹಿಡಿದು, ಮಂಡಿ ಊರಿ ಸುಧಾರಿಸಿಕೊಂಡು, ಮತ್ತೆ ಹಿಡಿಯಿರಿ. ಕುಂಡಿ ಬಿಗಿಹಿಡಿಯಿರಿ, ಮೊಣಕೈಯನ್ನು ಪಾದದ ಕಡೆಗೆ ಎಳೆಯುವಂತೆ ನೆಲಕ್ಕೆ ಒತ್ತಿ. ಹೀಗೆ ಮಾಡಿದರೆ ಹತ್ತು ಸೆಕೆಂಡೇ ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ವ್ಯಾಯಾಮ ಆದ ಮೇಲೆ ಸೊಂಟದಿಂದ ಪಾದದವರೆಗೆ ಜುಮುಗುಟ್ಟುತ್ತದೆ. ಯಾವ ವ್ಯಾಯಾಮ ಮಾಡಲಿ?

ಉತ್ತರ: ಈಗ ಯಾವುದೂ ಬೇಡ. ನೋವು ಅಥವಾ ಜೋಮು ಮಂಡಿ ದಾಟಿ ಕೆಳಗಿಳಿದರೆ ನರ ಒತ್ತಿರುವ ಸಾಧ್ಯತೆ ಇರುತ್ತದೆ. ಅದನ್ನು ಪತ್ರದಲ್ಲಿ ಹೇಳಲಾಗದು, ಡಾಕ್ಟರು ಮುಟ್ಟಿ ನೋಡಿಯೇ ಹೇಳಬೇಕು. ಈ ವಾರವೇ ತೋರಿಸಿ. ಪಾದ ಎತ್ತಲು ಬಲ ಸಾಲದಿದ್ದರೆ, ತೊಡೆಗಳ ಸಂದಿಯಲ್ಲಿ ಮರಗಟ್ಟಿದ್ದರೆ, ಅಥವಾ ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಈ ವಾರ ಅಂತಲೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.