ನಿಯೋ ಜಿಯೋದ ‘ಕಿಂಗ್ ಆಫ್ ಫೈಟರ್ಸ್ ’94’: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ಬಳಿ ಮನೆಬಳಕೆಯ ನಿಯೋ ಜಿಯೋ ಎಇಎಸ್ ಕನ್ಸೋಲ್ ಇದೆ. ಅದಕ್ಕೆ ‘ದಿ ಕಿಂಗ್ ಆಫ್ ಫೈಟರ್ಸ್ ’94’ ಎಂಬ ಕಾದಾಟದ ವಿಡಿಯೊ ಗೇಮ್‌ನ ಕಾರ್ಟ್ರಿಜ್ (ಆಟದ ಚಿಪ್‌ಗಳಿರುವ, ಕನ್ಸೋಲ್‌ಗೆ ತೂರಿಸುವ ಡಬ್ಬಿ) ಕೊಳ್ಳಬೇಕೆಂದಿದ್ದೇನೆ. ಇದೇ ಆಟದ ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರದ) ಕಾರ್ಟ್ರಿಜ್ ಅಗ್ಗವಾಗಿ ಸಿಗುವಾಗ ಮನೆಬಳಕೆಯದು ದುಬಾರಿಯೇಕೆ? ಅಸಲಿಯನ್ನು ಗುರುತಿಸುವುದು ಹೇಗೆ?

ಉತ್ತರ: ಎರಡರಲ್ಲಿಯೂ ಇರುವ ಆಟ ಒಂದೇ. ನಿಯೋ ಜಿಯೋ ತಯಾರಿಸಿದ ಎಸ್‌ಎನ್‌ಕೆ ಸಂಸ್ಥೆಯು ಆರ್ಕೇಡಿಗೂ ಮನೆಗೂ ಒಂದೇ ಬಗೆಯ ಹಾರ್ಡ್‌ವೇರ್ ರೂಪಿಸಿತ್ತು. ತಾನು ಎಲ್ಲಿ ಓಡುತ್ತಿದ್ದೇನೆಂಬುದನ್ನು ಆಟವು ಯಂತ್ರದ ಬಯಾಸ್‌ನಿಂದ (ಯಂತ್ರದೊಳಗೇ ಇರುವ ಮೂಲ ತಂತ್ರಾಂಶದಿಂದ) ತಿಳಿದುಕೊಳ್ಳುತ್ತದೆ. ಆಕಾರ ಮತ್ತು ಪಿನ್‌ಗಳ ಜೋಡಣೆ ಬೇರೆಯಾದ್ದರಿಂದ ಒಂದರ ಕಾರ್ಟ್ರಿಜ್ ಇನ್ನೊಂದರಲ್ಲಿ ಕೂರುವುದಿಲ್ಲ. ಬೆಲೆ ಹೆಚ್ಚಲು ಕಾರಣ ವಿರಳತೆ. ಈ ಆಟದ ಗಾತ್ರ 196 ಮೆಗಾಬಿಟ್. ಅದೇ 1994ರಲ್ಲಿ ಸೂಪರ್ ನಿಂಟೆಂಡೊಗೆ ಬಂದ ‘ಸೂಪರ್ ಸ್ಟ್ರೀಟ್ ಫೈಟರ್ 2’ರದು 32 ಮೆಗಾಬಿಟ್ ಮಾತ್ರ. ಅಷ್ಟೊಂದು ಮೆಮೊರಿ ಚಿಪ್‌ಗಳನ್ನು ತುಂಬಿದ ನಿಯೋ ಜಿಯೋ ಕಾರ್ಟ್ರಿಜ್‌ಗೆ ಅಮೆರಿಕದಲ್ಲಿ ಆಗಲೇ ಸುಮಾರು 200 ಡಾಲರ್ ಬೆಲೆಯಿದ್ದುದರಿಂದ ಮನೆಗಾಗಿ ಕೊಂಡವರು ಕಡಿಮೆ, ಇಂದು ಉಳಿದಿರುವ ಪ್ರತಿಗಳೂ ಕಡಿಮೆ.

ಆಟದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ‘ಫೇಟಲ್ ಫ್ಯೂರಿ’ಯ ಟೆರ್ರಿ, ‘ಆರ್ಟ್ ಆಫ್ ಫೈಟಿಂಗ್’ನ ರ್ಯೋ, ‘ಇಕಾರಿ ವಾರಿಯರ್ಸ್’ನ ರಾಲ್ಫ್ ಮತ್ತು ಕ್ಲಾರ್ಕ್, ‘ಸೈಕೋ ಸೋಲ್ಜರ್’ನ ಅಥೀನಾ, ಹೀಗೆ ಬೇರೆಬೇರೆ ಆಟಗಳ ಪಾತ್ರಗಳು ಹೊಸಬನಾದ ಕ್ಯೋ ಜೊತೆ ಒಂದೇ ಅಖಾಡಕ್ಕೆ ಇಳಿದದ್ದು ಇಲ್ಲಿಯೇ. ಮೂವರಂತೆ ಎಂಟು ತಂಡಗಳು, ಒಟ್ಟು 24 ಪಾತ್ರಗಳು. ಇಷ್ಟಬಂದ ಮೂವರನ್ನು ಸೇರಿಸಿ ತಂಡ ಕಟ್ಟುವ ಅವಕಾಶ ’95ರ ಆವೃತ್ತಿಯಲ್ಲಿ ಬಂತು. ’94ರಲ್ಲಿ ತಂಡಗಳು ಬದಲಾಗುವುದಿಲ್ಲ. ಒಲ್ಲದ ಪಾತ್ರವನ್ನೂ ಕಲಿಯಲೇಬೇಕಾದ ಈ ಕಟ್ಟುಪಾಡೇ ನನಗೆ ಈ ಆಟದಲ್ಲಿ ಅತ್ಯಂತ ಪ್ರಿಯವಾದದ್ದು.

ಇನ್ನು ಅಸಲಿಯ ವಿಚಾರ. ಲೇಬಲ್ ಮತ್ತು ಡಬ್ಬಿಯನ್ನು ಯಾರಾದರೂ ಮುದ್ರಿಸಬಹುದಾದ್ದರಿಂದ ಅವುಗಳನ್ನು ನಂಬಬೇಡಿ. ಒಳಗಿನ ಎರಡೂ ಬೋರ್ಡ್‌ಗಳ ಸ್ಪಷ್ಟ ಚಿತ್ರಗಳನ್ನು ಕೇಳಿ. ಈ ಆಟದ ಚಿಪ್‌ಗಳ ಮೇಲೆ 055 ಎಂಬ ಸಂಖ್ಯೆ ಇರಬೇಕು. ಆದರೆ ಅದೊಂದೇ ಸಾಲದು, ಏಕೆಂದರೆ ಆರ್ಕೇಡ್ ಕಾರ್ಟ್ರಿಜ್‌ನಿಂದ ಕಿತ್ತ ಚಿಪ್‌ಗಳಲ್ಲಿಯೂ ಅದೇ ಸಂಖ್ಯೆ ಇರುತ್ತದೆ. ಅಂಥವನ್ನು ಬೇರೊಂದು ಅಗ್ಗದ ಆಟದ ಬೋರ್ಡ್‌ಗೆ ಕೂರಿಸಿದ್ದರೆ, ಕೈಯಿಂದ ಬೆಸುಗೆ ಹಾಕಿದ ಗುರುತು, ಅಂಟಿದ ಫ್ಲಕ್ಸ್ (ಬೆಸುಗೆಗೆ ಬಳಸುವ ರಾಳದಂಥ ವಸ್ತು), ಹೆಚ್ಚುವರಿ ತಂತಿಗಳು ಕಾಣುತ್ತವೆ. ಒಳಗನ್ನು ತೋರಿಸಲು ಒಪ್ಪದ ಮಾರಾಟಗಾರರಿಂದ ಅಸಲಿಯ ಬೆಲೆಗೆ ಕೊಳ್ಳಬೇಡಿ. ಸಂಗ್ರಹಕ್ಕಿಂತ ಆಡುವುದೇ ನಿಮಗೆ ಮುಖ್ಯವಾಗಿದ್ದರೆ, ಆರ್ಕೇಡ್ ಕಾರ್ಟ್ರಿಜ್ ಜೊತೆ ಅದನ್ನು ಎಇಎಸ್‌ಗೆ ಜೋಡಿಸುವ ಅಡಾಪ್ಟರ್ ಒಂದನ್ನು ಕೊಂಡರೆ ಸಾಕು.