ಒಂದು ಚಮಚ ಸಕ್ಕರೆಯಲ್ಲಿ ಫೋನ್ ಬ್ಯಾಟರಿಗಿಂತ ಜಾಸ್ತಿ ಶಕ್ತಿ ಇದೆಯಾ?

ಹೌದು, ಇದೆ. ಲೆಕ್ಕ ಹಾಕಿಯೇ ನೋಡೋಣ.

ಒಂದು ಚಮಚ ಸಕ್ಕರೆ ಅಂದರೆ ಸುಮಾರು 5 ಗ್ರಾಂ. ಪೂರ್ತಿ ಉರಿಸಿದರೆ ಗ್ರಾಂಗೆ 16.5 ಕಿಲೋಜೂಲ್, ಒಟ್ಟು 82. ಫೋನಿನ 5000 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಬ್ಯಾಟರಿ? 5 ಆಂಪಿಯರ್-ಗಂಟೆಯನ್ನು 3.85 ವೋಲ್ಟಿನಿಂದ, ಆಮೇಲೆ 3600 ಸೆಕೆಂಡಿನಿಂದ ಗುಣಿಸಿ. 69 ಕಿಲೋಜೂಲ್ ಬರುತ್ತದೆ. ಚಮಚವೇ ಗೆದ್ದಿತು!

ನನಗೆ ತುಂಬ ಇಷ್ಟವಾದದ್ದು ಇದರ ಕಾರಣ. ಬ್ಯಾಟರಿ ತನಗೆ ಬೇಕಾದ ಸಾಮಾನನ್ನೆಲ್ಲ ಒಳಗೇ ಹೊತ್ತಿರುತ್ತದೆ. ಸಕ್ಕರೆ ಹಾಗಲ್ಲ, ಉರಿಯಲು ಬೇಕಾದ ಆಮ್ಲಜನಕವನ್ನು ಸುತ್ತಲಿನ ಗಾಳಿಯಿಂದ ತೆಗೆದುಕೊಳ್ಳುತ್ತದೆ. ಅದಕ್ಕೇ ಅಷ್ಟು ಹಗುರ.

ಈ 82 ಕಿಲೋಜೂಲ್ 60 ಕೆಜಿ ತೂಕದವರನ್ನು 139 ಮೀಟರ್ ಎತ್ತಬಲ್ಲದು. ಆದರೆ ನಮ್ಮ ಸ್ನಾಯುಗಳು ಅದರಲ್ಲಿ ಐದನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಬಳಸುತ್ತವೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಒಂದು ಚಮಚಕ್ಕೆ ಒಂಬತ್ತು ಮಹಡಿ ಹತ್ತಬಹುದು, ಅಷ್ಟೆ.

ಇನ್ನು ಸುಮ್ನೆ ಕುತೂಹಲಕ್ಕೆ, ದ್ರವ್ಯರಾಶಿಯಲ್ಲಿ ಎಷ್ಟು ಶಕ್ತಿ ಅಡಗಿದೆ ಎಂದು ಹೇಳುವ ಐನ್‌ಸ್ಟೀನ್ ಸೂತ್ರ (E = mc²) ಹಾಕಿ ನೋಡಿ. ಅದೇ 5 ಗ್ರಾಂ ಸಕ್ಕರೆ ಪೂರ್ತಿ ಶಕ್ತಿಯಾಗಿ ಬದಲಾದರೆ, 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಹಗಲೂ ರಾತ್ರಿ ಪೂರ್ತಿ ಸಾಮರ್ಥ್ಯದಲ್ಲಿ ಐದು ದಿನ ಓಡಿದಷ್ಟು!